ಬೂದಿಗೂ ಬಗ್ಗದ ವಾಸನೆ

ಇಟಲಿಯ ಬೊಲೋನ್ಯದ ಕಾಲುವೆ ಬೀದಿಯಲ್ಲಿ ಮಿಸೀನಾಳನ್ನು ಎಲ್ಲರೂ ಪುಣ್ಯವಂತೆ ಎನ್ನುತ್ತಿದ್ದರು. ಬರೆಯುವ ಚರ್ಮ ಹದಮಾಡುವವನ ಮಗಳು, ಹದಿನಾರಕ್ಕೆ ನೋಟರಿ ಬಿತ್ತೀನೊನ ಕೈಹಿಡಿದಳು. ಅಲ್ಲಿಂದೀಚೆಗೆ ಅವಳು ನೀರಿಗೆ ಕೈಯಿಟ್ಟದ್ದು ಊಟಕ್ಕೆ ಮುಂಚೆ ತೊಳೆದುಕೊಳ್ಳಲು ಮಾತ್ರ. ಸೊಂಟದ ಬೀಗದ ಕೈಗಳು ಅವಳವು. ಬೀಗದ ಹಿಂದಿನ ಕೆಲಸವೆಲ್ಲ ಜೀಲ್ಯಳದು. ಗುಡ್ಡದ ಕಡೆಯಿಂದ ಬಂದ ಈ ವಿಧವೆ ಹನ್ನೊಂದು ವರ್ಷದಿಂದ ಆ ಮನೆಯ ಹಿಟ್ಟು ನಾದಿದ್ದಳು, ಹಂದಿಮಾಂಸ ಉಪ್ಪಿಗೆ ಹಾಕಿದ್ದಳು, ಒಡತಿಯ ಮೂರು ಬಾಣಂತನದ ಬಟ್ಟೆ ಒಗೆದಿದ್ದಳು. ಒಗೆಯುತ್ತ ಒಗೆಯುತ್ತ ಹಾಡು ಕಟ್ಟುತ್ತಿದ್ದಳು. ಮಿಸೀನಾ ಮೇಲಿನ ಕಿಟಕಿಯಲ್ಲಿ ಕಸೂತಿ ಹಿಡಿದು ಕೇಳುತ್ತಿದ್ದಳು.

ಆ ವರ್ಷ ಬಿತ್ತೀನೊನಿಗೆ ನಗರದ ದಫ್ತರದಲ್ಲಿ ಕೆಲಸ. ಊರಿನ ಮಾರಾಟ, ವರದಕ್ಷಿಣೆ, ಉಯಿಲುಗಳನ್ನೆಲ್ಲ ನಕಲು ಮಾಡಬೇಕು. ಪುಟದ ಕೊನೆಗೆ ಜಾಗ ಉಳಿದರೆ ಯಾರಾದರೂ ಕಳ್ಳಸಾಲು ಸೇರಿಸಿಯಾರು ಎಂದು ನೋಟರಿಗಳು ಅಲ್ಲೊಂದು ಪ್ರಾರ್ಥನೆಯನ್ನೋ ಹಾಡನ್ನೋ ತುಂಬಿಬಿಡುತ್ತಿದ್ದರು.

"ಮೂರು ಸಾಲು ಜಾಗ ಉಳ್ದಿದೆ ಕಣೇ. ಗೊತ್ತಿರೋ ಹಾಡೆಲ್ಲ ಬರ್ದು ಮುಗೀತು," ಎಂದ ಒಂದು ಮಧ್ಯಾಹ್ನ ಊಟಕ್ಕೆ ಬಂದವನು.

ಮಿಸೀನಾ ಗುನುಗಿದಳು:

ಒಗೆದೆ ಅವನಂಗಿ, ಒಗೆದೆ ಮೂರು ಬಾರಿ,
ಬೆವರು ಬಿಟ್ಟಿತು, ಮಣ್ಣು ಬಿಟ್ಟಿತು,
ಅವನ ವಾಸನೆ ನೀರಿಗೂ ಬಗ್ಗಲಿಲ್ಲ.

ಬಿತ್ತೀನೊ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. "ಯಾರ್ದೇ ಇದು?"

ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿರಲೇ ಇಲ್ಲ. "ನಂದೇ," ಎಂದುಬಿಟ್ಟಳು. ಅವತ್ತೇ ಬಿತ್ತೀನೊ ಆ ಮೂರು ಸಾಲನ್ನು ದಫ್ತರದ ಪುಟಕ್ಕೆ ಏರಿಸಿದ.

ಭಾನುವಾರ ಊಟಕ್ಕೆ ಜೊತೆಯ ನೋಟರಿ ಜಾಕೊಪೀನೊ ಬಂದ. ಅವನೊಂದಿಗೆ ಕಾನೂನು ಓದಲು ಬಂದ ಒಬ್ಬ ಜರ್ಮನ್ ವಿದ್ಯಾರ್ಥಿ.

"ನಮ್ಮ ಆಡುಮಾತಲ್ಲಿ ಕಾವ್ಯ ಆಗಲ್ಲ ಅಂತ ಲ್ಯಾಟಿನ್ ಪಂಡಿತ್ರು ಮೂಗು ಮುರೀತಾರಲ್ಲ, ಇದನ್ನ ಕೇಳ್ಲಿ! ನೀರಿಗೂ ಬಗ್ಗಲಿಲ್ವಂತೆ!" ಜಾಕೊಪೀನೊ ಮೇಜು ಕುಟ್ಟಿದ. "ಎಲ್ಲಿ ಅತ್ತಿಗೆ, ಕೈ ತೋರ್ಸಿ. ಬೆಣ್ಣೆ ಇದ್ದಂಗಿದೆ! ಈ ಕೈ ಯಾವತ್ತು ಅಂಗಿ ಒಗೀತು?"

ಎಲ್ಲರೂ ನಕ್ಕರು. ಮಿಸೀನಾ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು. ವಿದ್ಯಾರ್ಥಿ ಮಾತ್ರ ಊರಿಗೆ ಒಯ್ಯುತ್ತೇನೆಂದು ಹಾಡನ್ನು ಶ್ರದ್ಧೆಯಿಂದ ಬರೆದುಕೊಂಡ. ಅವಳು ತಲೆಯೆತ್ತಿದಾಗ ಬಾಗಿಲಲ್ಲಿ ಅವರೆಕಾಳಿನ ಬೋಗುಣಿ ಹಿಡಿದ ಜೀಲ್ಯ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ! ಬೋಗುಣಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮರುದಿನ ಅಂಗಳದಲ್ಲಿ ಜೀಲ್ಯ ಬಟ್ಟೆ ತುಂಬಿದ ಹಂಡೆಯ ಮೇಲೆ ಕೊಳೆ ಬಿಡಿಸುವ ಬೂದಿ ಹರಡಿ ಬಿಸಿನೀರು ಹೊಯ್ಯುತ್ತಿದ್ದಳು. ಹಾಡಿರಲಿಲ್ಲ.

"ಜೀಲ್ಯ, ನಿನ್ನೆ..." ಮಿಸೀನಾ ಇಳಿದು ಬಂದು ಅವಳ ಹಿಂದೆ ನಿಂತಳು.

"ನೀರಿಗೆ ಯಾವ ವಾಸ್ನೆ ಬಗ್ಗುತ್ತೆ ಅಮ್ಮಾವ್ರೇ?" ಅವಳು ತಿರುಗಲಿಲ್ಲ. "ಮೀನಿಂದೂ ಹೋಗಲ್ಲ. ನಾನು ಕಟ್ಟಿದ್ದು ಬೂದಿಗೂ ಬಗ್ಗಲಿಲ್ಲ ಅಂತ. ಒಗೆಯೋರಿಗೆ ಗೊತ್ತಿರುತ್ತೆ."

ಕದ್ದೆಯಲ್ಲ ಎಂದು ಬೈದಿದ್ದರೆ ಅಳಬಹುದಿತ್ತು. ಕದ್ದದ್ದನ್ನು ಕೆಡಿಸಿದೆ ಎಂದಾಗ ಅಳುವುದಕ್ಕೂ ಮುಖವಿಲ್ಲ. ಮಿಸೀನಾ ಮೆಟ್ಟಿಲು ಹತ್ತಿ ಬಂದು, ಸಂಜೆ ಗಂಡನ ಮುಂದೆ ನಿಂತಳು.

"ರೀ, ಆ ಹಾಡು ನಂದಲ್ಲ, ಜೀಲ್ಯಂದು. ಒಂದು ಮಾತೂ ತಪ್ಪಾಗಿದೆ. ತಿದ್ದಿಬಿಡಿ."

"ದಫ್ತರದ ಪುಟ ಕೆರೆದ್ರೆ ನನ್ನ ಬಲಗೈ ಕತ್ತರಿಸ್ತಾರೆ, ಗೊತ್ತಾ?" ಆಮೇಲೆ ದನಿ ತಗ್ಗಿಸಿದ. "ಹಾಡಿನ ಕೆಳಗೆ ಹೆಸರು ಬರೆಯೋ ಪದ್ಧತಿ ಇಲ್ಲ. ನಿಂದೂ ಇಲ್ಲ, ಅವಳ್ದೂ ಇಲ್ಲ. ಕೆಲಸದವಳ ಹಾಡು ಅಂತ ಹೊರಗೆ ಬಾಯಿ ಬಿಡ್ಬೇಡ, ನನ್ನ ಮರ್ಯಾದೆ ಪ್ರಶ್ನೆ."

ಮುಂದಿನ ಭಾನುವಾರವೂ ಜಾಕೊಪೀನೊ ಬಂದ, ಹಾಡು ಕೇಳಿದ. ಮಿಸೀನಾ ಹಾಡಿದಳು, ಕೊನೆಯಲ್ಲಿ "ಬೂದಿಗೂ ಬಗ್ಗಲಿಲ್ಲ" ಎಂದಳು.

"ಮರ್ತ್ರಾ ಅತ್ತಿಗೆ? ನೀರಿಗೂ! ದಫ್ತರದಲ್ಲಿ ಹಾಗೇ ಇದೆ."

"ದಫ್ತರ ತಪ್ಪು." ಜೀಲ್ಯ ತಟ್ಟೆಗಳನ್ನು ಎತ್ತುತ್ತಿದ್ದಳು. ಮಿಸೀನಾ ಅವಳ ಕಡೆ ಕೈ ತೋರಿದಳು. "ಹಾಡು ಇವಳದು. ಇವಳನ್ನೇ ಕೇಳಿ."

ಬಿತ್ತೀನೊ ಮೊದಲು ನಕ್ಕ. ಜಾಕೊಪೀನೊ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಹೌದೇನಮ್ಮ ಕವಿ? ಎಲ್ಲಿ, ಒಂದು ಸಾಲು ಹೇಳು!"

ಜೀಲ್ಯ ನಗುತ್ತಿರುವ ಗಂಡಸರನ್ನು ನೋಡಿದಳು. ಆಮೇಲೆ ಮಿಸೀನಾಳನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ನೆಟ್ಟ ನೋಟದಿಂದ ನೋಡಿದ್ದು ಅದೊಂದೇ ಸಲ.

"ನಂಗೆ ಹಾಡು ಬರಲ್ಲ ಸ್ವಾಮಿ," ಎಂದಳು.

ನಿಜ ಹೇಳಿ ಹಗುರಾಗಬೇಕೆಂದುಕೊಂಡವಳು ಆ ನಿಜವನ್ನೂ ಜೀಲ್ಯಳ ತಲೆಯ ಮೇಲೆಯೇ ಹೊರಿಸಿದ್ದಳು. ಮಿಸೀನಾಳಿಗೆ ಅದು ತಿಳಿಯುವಷ್ಟರಲ್ಲಿ ಜೀಲ್ಯ ಅವಳ ಎಂಜಲು ತಟ್ಟೆಯನ್ನೂ ಎತ್ತಿಕೊಂಡು ಹೋಗಿದ್ದಳು.