ದೊಡ್ಡಮ್ಮ ಹೇಳಬೇಕಿದ್ದ ಹೆಸರು

ಅರಸೀಕೆರೆಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ನಾನು ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಇರುವ ಅಂಗಡಿ ಇದೆಯೋ ಇಲ್ಲವೋ ಎಂದು ನೋಡುವುದು ಎನ್ನುತ್ತೇನೆ. ನಗುತ್ತಾರೆ. ನಗಲಿ, ನನಗೇನು. ದೊಡ್ಡ ಕಂಪನಿಗಳು ನಮ್ಮ ಕಡೆಯ ವ್ಯಾಪಾರಿಗಳಿಂದ ಸರಕು ಕೊಳ್ಳಬೇಕಾದರೆ ಆ ವ್ಯಾಪಾರಿಯ ನೋಂದಣಿ ನಿಜವೇ, ಚಾಲ್ತಿಯಲ್ಲಿದೆಯೇ, ಮಾಲೀಕ ಅವನೇ ಹೌದೇ ಎಂದು ಮೊದಲು ಖಾತರಿ ಮಾಡಿಕೊಳ್ಳುತ್ತವೆ. ಆ ಕೆಲಸವನ್ನು ನಮ್ಮ ಕಚೇರಿಗೆ ಒಪ್ಪಿಸಿವೆ, ಅದಕ್ಕೊಂದು ಸಾಫ್ಟ್‌ವೇರ್ ಇದೆ. ಜಿಎಸ್‌ಟಿ ನಂಬರು ಹಾಕಿದರೆ ಸರ್ಕಾರದ ದಾಖಲೆಯನ್ನೆಲ್ಲ ಎಳೆದು ತಂದು ಮುಂದಿಡುತ್ತದೆ. ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಬಂದವರ ಬಾಗಿಲಿಗೆ ನಾನು ಬಸ್ಸು ಹತ್ತಿ ಹೋಗಬೇಕು.

ಹಾಗೆ ಹೋಗಿ ಹೋಗಿ ಬೇಲೂರಿನ ಲಾಡ್ಜುಗಳವರು, ಹಳೇಬೀಡಿನಲ್ಲಿ ಕಲ್ಲಿನ ಗೊಂಬೆ ಮಾರುವವರು, ಹಗರೆಯಲ್ಲಿ ಹಸುವಿನ ಹಿಂಡಿ ಮಾರುವವರು ಎಲ್ಲರೂ ನನ್ನನ್ನು ಕಂಡರೆ ಮುಖ ಹುಳ್ಳಗೆ ಮಾಡುತ್ತಾರೆ. ಒಬ್ಬ ಅಂಗಡಿಯನ್ನು ಹೆಂಡತಿಯ ಹೆಸರಲ್ಲಿ ಬರೆಸಿರುತ್ತಾನೆ, ಆಕೆಗೆ ಅಂಗಡಿ ಯಾವ ಬೀದಿಯಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಇನ್ನೊಬ್ಬ ಅಪ್ಪ ತೀರಿಕೊಂಡು ಮೂರು ವರ್ಷವಾದರೂ ಅಪ್ಪನ ನಂಬರಿನಲ್ಲೇ ಬಿಲ್ಲು ಹರಿಯುತ್ತಿರುತ್ತಾನೆ. ಏನ್ರೀ ಇದು, ಸತ್ತವರು ವ್ಯಾಪಾರ ಮಾಡುತ್ತಾರೇನ್ರೀ ಎಂದು ನಾನು ಗಿರಾಕಿಗಳ ಮುಂದೆಯೇ ದಬಾಯಿಸುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲೂ ಹೇಳುತ್ತಾರೆ, ಕಚೇರಿಯಲ್ಲೂ ಹೇಳುತ್ತಾರೆ.

ಊರಿಗೆಲ್ಲ ಬುದ್ಧಿ ಹೇಳುವ ನಾನೇ ಎಂಟು ತಿಂಗಳು ಅದೇ ತಪ್ಪನ್ನು ಮಾಡಿದೆ. ನನ್ನ ದೊಡ್ಡಪ್ಪನ ವಿಷಯದಲ್ಲಿ ಮಾಡಿದೆ.

ದೊಡ್ಡಪ್ಪ ಎಂದರೆ ಅಮ್ಮನ ಅಕ್ಕನ ಗಂಡ. ಹಾರನಹಳ್ಳಿಯಲ್ಲಿ ಅವರದೊಂದು ಎಣ್ಣೆ ಗಾಣ. ಕರೆಂಟಿನಲ್ಲಿ ತಿರುಗುವ ಮರದ ಗಾಣ, ಕೊಬ್ಬರಿ ಎಣ್ಣೆಯೇ ಹೆಚ್ಚು. ಅವರಿಗೆ ಮಕ್ಕಳಿರಲಿಲ್ಲ. ನಾನು ಹೈಸ್ಕೂಲು ಓದಿದ್ದು ಅವರ ಮನೆಯಲ್ಲಿದ್ದುಕೊಂಡು. ಗಾಣ ಇದ್ದದ್ದು ದೊಡ್ಡಪ್ಪನ ಹೆಸರಿನಲ್ಲಿ, ನಡೆಸುತ್ತಿದ್ದವಳು ದೊಡ್ಡಮ್ಮ. ಕೊಬ್ಬರಿ ಯಾವುದು ಇನ್ನೂ ಎರಡು ಬಿಸಿಲು ಕಾಣಬೇಕು, ಯಾವುದು ಕಮಟು ಹಿಡಿದಿದೆ ಎಂದು ಅವಳು ಮುರಿದು ಮೂಸಿ ಹೇಳಿದರೆ ಮುಗಿಯಿತು. ದೊಡ್ಡಪ್ಪ ಪೇಟೆಯ ಓಡಾಟ ನೋಡಿಕೊಳ್ಳುತ್ತಿದ್ದರು. ಬಂದವರ ಹತ್ತಿರ ಬಾಯಿ ತುಂಬ ಮಾತಾಡಿ ಹಬೆಯಾಡುವ ಕಾಫಿ ಕೊಡಿಸುತ್ತಿದ್ದರು. ಕಳೆದ ವರ್ಷ ಬೇಸಿಗೆಯಲ್ಲಿ ಗಾಣದ ಮನೆಯಲ್ಲೇ ಕುಸಿದುಬಿದ್ದವರಿಗೆ ಮತ್ತೆ ಪ್ರಜ್ಞೆ ಬರಲಿಲ್ಲ. ಮೂರನೆಯ ದಿನ ಆಸ್ಪತ್ರೆಯಲ್ಲೇ ಹೋಗಿಬಿಟ್ಟರು. ಆ ಮೂರು ದಿನವೂ ನಾನು ಕಚೇರಿ ಕೆಲಸದ ಮೇಲೆ ಬೇಲೂರಿನಲ್ಲಿದ್ದೆ. ಇಂದು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹನ್ನೊಂದನೆಯ ದಿನದ ಕಾರ್ಯ ಕಳೆದು ನಾನು ಕಚೇರಿಗೆ ಬಂದವಳು ಮಾಡಬೇಕಾದ ಮೊದಲ ಕೆಲಸ ಅವರ ನೋಂದಣಿ ರದ್ದು ಮಾಡಿಸುವುದು. ಮಾಡಲಿಲ್ಲ. ಸುಮ್ಮನೆ ಅವರ ನಂಬರು ಹಾಕಿ ನೋಡಿದೆ. ಹಸಿರು ಬಂತು. ಮಾಲೀಕರ ಜಾಗದಲ್ಲಿ ಅವರ ಹೆಸರು, ಪಕ್ಕದಲ್ಲಿ ಚಾಲ್ತಿಯಲ್ಲಿದೆ ಎಂಬ ಮಾತು. ನನಗೆ ಅಳು ಉಕ್ಕಿ ಬಂತು. ಆಮೇಲೆ ಅದೊಂದು ಚಟವೇ ಆಯಿತು. ಬೇಜಾರಾದಾಗಲೆಲ್ಲ ನಂಬರು ಹಾಕಿ ನೋಡುತ್ತಿದ್ದೆ. ತಿಂಗಳ ರಿಟರ್ನ್ ಕೂಡ ಅವರ ಹೆಸರಲ್ಲೇ ಸಲ್ಲಿಸುತ್ತಿದ್ದೆ. ಒಟಿಪಿ ಬರುವುದು ಅವರ ಫೋನಿಗೆ. ದೊಡ್ಡಮ್ಮ ಆ ಫೋನನ್ನು ಚಾರ್ಜು ಮಾಡಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ನಾನು ಕರೆ ಮಾಡಿದರೆ ಕನ್ನಡಕ ಹುಡುಕಿ, ಆರು ಅಂಕಿಗಳನ್ನು ಬಿಡಿಬಿಡಿಯಾಗಿ ಓದಿ ಹೇಳುತ್ತಿದ್ದಳು. ಇದು ತಪ್ಪು ಎಂದು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಎಂಟನೆಯ ತಿಂಗಳಲ್ಲಿ ಎಣ್ಣೆ ಕೊಳ್ಳುವ ಕಂಪನಿಯಿಂದ ಪಟ್ಟಿ ಬಂತು. ಸರಕು ಕೊಡುವ ಎಲ್ಲರನ್ನೂ ಹೊಸದಾಗಿ ಪರಿಶೀಲಿಸಬೇಕು, ಈ ಸಲ ಮಾಲೀಕರೇ ವಿಡಿಯೋದಲ್ಲಿ ಬಂದು ಮಾತಾಡಬೇಕು, ತಿಂಗಳ ಕೊನೆಯೇ ಗಡುವು, ತಪ್ಪಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದಿತ್ತು. ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರೂ ಇತ್ತು. ಹೋಗಿ ನಮ್ಮ ಸಾಹೇಬರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಹಣೆ ಹಣೆ ಚಚ್ಚಿಕೊಂಡರು. ಬೈಯಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಮರಣ ಪ್ರಮಾಣಪತ್ರ, ಹಳೆಯ ನೋಂದಣಿಯ ರದ್ದತಿ, ದೊಡ್ಡಮ್ಮನ ಹೆಸರಿಗೆ ಹೊಸ ನೋಂದಣಿ ಎಲ್ಲವನ್ನೂ ಓಡಾಡಿ ಮಾಡಿಸಿದೆವು. ಉಳಿದದ್ದು ವಿಡಿಯೋ ಒಂದೇ.

ಆ ಕಂಪನಿ ಕೈಬಿಟ್ಟರೆ ಗಾಣದ ಕತೆ ಮುಗಿದ ಹಾಗೆ. ಬರುವ ಎಣ್ಣೆಯಲ್ಲಿ ಮುಕ್ಕಾಲು ಪಾಲು ಅವರಿಗೇ ಹೋಗುತ್ತಿತ್ತು. ದೊಡ್ಡಪ್ಪನ ತಮ್ಮನ ಮಗ ಆಗಲೇ ಬಂದು, ನಿಮಗ್ಯಾಕೆ ಈ ವಯಸ್ಸಲ್ಲಿ ರಗಳೆ, ಗಾಣ ಕಿತ್ತು ಆ ಜಾಗದಲ್ಲಿ ಮಳಿಗೆ ಕಟ್ಟಿಸೋಣ ಎಂದು ಎರಡು ಸಲ ಹೇಳಿ ಹೋಗಿದ್ದ. ದೊಡ್ಡಮ್ಮ ಅವನಿಗೆ ಊಟ ಬಡಿಸಿ ಕಳಿಸಿದ್ದಳು, ಉತ್ತರ ಕೊಟ್ಟಿರಲಿಲ್ಲ. ನನ್ನ ಹತ್ತಿರ ಮಾತ್ರ ಹೇಳಿದಳು.

“ಗಾಣ ನಿಂತ್ರೆ ನಾನೂ ನಿಂತಂಗೆ ಕಣವ್ವ. ಬೆಳಗಾಗೆದ್ದು ಎಲ್ಲಿಗೆ ಹೋಗ್ಲಿ?”

ಗಡುವಿನ ಹಿಂದಿನ ದಿನ ನಾನು ಹಾರನಹಳ್ಳಿಗೆ ಹೋದೆ. ಕಾಲು ಗಂಟೆಯ ಕೆಲಸ ಎಂದುಕೊಂಡಿದ್ದೆ. ಗಾಣ ನಿಲ್ಲಿಸಿ, ಕೊಬ್ಬರಿ ಬಿಡಿಸುವ ಇಬ್ಬರು ಹೆಂಗಸರನ್ನು ಸುಮ್ಮನಿರಿ ಎಂದು ಕೂರಿಸಿ, ದೊಡ್ಡಮ್ಮನನ್ನು ಬಾಗಿಲ ಬೆಳಕಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ತಲೆ ಬಾಚಿ, ಮಡಿಕೆ ಬಿಚ್ಚಿದ ಸೀರೆ ಉಟ್ಟಿದ್ದಳು. ಫೋನಿನಲ್ಲಿ ಅವಳ ಮುಖದ ಸುತ್ತ ಒಂದು ಗೆರೆ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ವಾಕ್ಯ ಬಂದವು. ಅದನ್ನು ಗಟ್ಟಿಯಾಗಿ ಓದಬೇಕು. ನಾನು ದಿವಂಗತ ಇಂಥವರ ಪತ್ನಿ. ಇಂಥವರ ಹೆಸರಿನಲ್ಲಿದ್ದ ಗಾಣವನ್ನು ಈಗ ನಾನು ನಡೆಸುತ್ತಿದ್ದೇನೆ. ಅಷ್ಟೇ. ನಾಲ್ಕನೆಯ ಕ್ಲಾಸು ಓದಿದವಳು, ಅಕ್ಷರ ಬರುತ್ತದೆ.

‘ನಾನು ದಿವಂಗತ’ ಎಂದಳು. ನಿಂತಳು.

ಆಗ ನನಗೆ ಹೊಳೆಯಿತು. ಅವಳು ಗಂಡನ ಹೆಸರು ಹೇಳಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ನಮ್ಮ ಕಡೆ ಹಿಂದಿನ ಹೆಂಗಸರು ಹೇಳುವುದಿಲ್ಲ, ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. ಎಲ್ಲರ ಮನೆಯಲ್ಲೂ ಅದು ಸಡಿಲವಾಯಿತು. ನಾನಂತೂ ನನ್ನ ಗಂಡನನ್ನು ಹೆಸರು ಹಿಡಿದೇ ಕೂಗುತ್ತೇನೆ, ಬೈಯುವಾಗ ಇನ್ನೂ ಜೋರಾಗಿ. ದೊಡ್ಡಮ್ಮ ಮಾತ್ರ ಬಿಟ್ಟಿರಲಿಲ್ಲ. ದೊಡ್ಡಪ್ಪನದು ದೇವರ ಹೆಸರು. ಅದಕ್ಕೆ ಆ ದೇವರನ್ನೂ ಅವಳು ಬೆಟ್ಟದಪ್ಪ ಎಂದೇ ಕರೆಯುತ್ತಿದ್ದಳು. ರೇಷನ್ ಅಂಗಡಿಯಲ್ಲಿ, ಜನಗಣತಿಯವರು ಬಂದಾಗ, ಯಜಮಾನರ ಹೆಸರೇನಮ್ಮ ಎಂದರೆ ಅಲ್ಲೇ ಎಲ್ಲೋ ಇದ್ದ ನನ್ನನ್ನು ಕೂಗಿ ಕರೆದು, ಹೇಳು ಮಗ ಎನ್ನುತ್ತಿದ್ದಳು. ನಾನು ಕುಣಿಯುತ್ತ ಬಂದು ಹೇಳಿ ಓಡುತ್ತಿದ್ದೆ. ಮದುವೆಯ ದಿನ ಹೊಸಿಲಲ್ಲಿ ಅಡ್ಡ ನಿಂತು ಹೆಸರು ಹೇಳಿಸುತ್ತಾರಲ್ಲ, ಆಗ ಒಮ್ಮೆ ಹೇಳಿದ್ದಳಂತೆ. ಯಾರಿಗೂ ಕೇಳಿಸಲೇ ಇಲ್ಲ ಎಂದು ದೊಡ್ಡಪ್ಪ ನಗುತ್ತಿದ್ದರು. ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಎರಡನೆಯ ಸಲ ಅವಳು ‘ನಾನು ನಮ್ಮನೆಯೋರ ಪತ್ನಿ’ ಎಂದಳು. ಹೇಳಿಕೆ ಹೊಂದಿಕೆಯಾಗುತ್ತಿಲ್ಲ ಎಂದು ಕೆಂಪು ಬಂತು. ಮೂರನೆಯ ಸಲ, ಹೆಸರು ಬರುವ ಕಡೆ ನೀನೇ ಹೇಳಿಬಿಡು ಎಂದು ನನ್ನನ್ನು ಕೇಳಿಕೊಂಡಳು. ಮರೆಯಲ್ಲಿ ನಿಂತು ನಾನೇ ಹೇಳಿದೆ, ರೂಢಿಯಿತ್ತಲ್ಲ. ಬೇರೆಯವರ ಧ್ವನಿ ಕೇಳಿಸುತ್ತಿದೆ ಎಂದು ಮತ್ತೆ ಕೆಂಪು. ದಿನಕ್ಕೆ ಮೂರೇ ಅವಕಾಶ. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. ಎಂಟು ತಿಂಗಳು ನಾನು ಮಾಡಿದ ಕಳ್ಳತನದ ಸಿಟ್ಟೂ ಅವಳ ಮೇಲೆಯೇ ತಿರುಗಿತ್ತು.

ಮಾರನೆಯ ದಿನ ಬೆಳಿಗ್ಗೆಯೇ ಹೋದೆ. ದೊಡ್ಡಮ್ಮ ಸ್ನಾನ ಮಾಡಿ, ಬೆಟ್ಟದಪ್ಪನ ಪಟಕ್ಕೆ ಹೂವು ಇಟ್ಟು ಕಾಯುತ್ತಿದ್ದಳು. ರಾತ್ರಿಯೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡಿದ್ದೇನೆ, ಬರುತ್ತದೆ ಎಂದಳು. ಫೋನು ಹಿಡಿದೆ. ಬಾಯಿ ತೆರೆದಳು. ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಒಂದು ಅವಕಾಶ ಹೋಯಿತು.

ನನ್ನ ನಾಲಿಗೆಗೆ ಬೆಂಕಿ ಬೀಳ. ಆ ಇಬ್ಬರು ಹೆಂಗಸರ ಎದುರಿನಲ್ಲೇ ಅಂದುಬಿಟ್ಟೆ.

“ಸತ್ತೋರಿಗೆ ಇನ್ಯಾವ ಆಯಸ್ಸು ಕಮ್ಮಿ ಆಗುತ್ತೆ ದೊಡ್ಡಮ್ಮ?”

ಕೊಬ್ಬರಿ ಬಿಡಿಸುವವರು ತಲೆ ತಗ್ಗಿಸಿದರು. ದೊಡ್ಡಮ್ಮ ಅಳಲಿಲ್ಲ. ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ನಾನು ಎಷ್ಟು ತುಂಟತನ ಮಾಡಿದರೂ ಒಂದು ಏಟು ಹೊಡೆದವಳಲ್ಲ. ಆ ಹೊತ್ತು ಹೊಡೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು, ಇನ್ನೊಂದು ಸಲ ಹಿಡಿ ಎಂದಳು ಅಷ್ಟೇ.

ಈ ಸಲ ಹೇಳಿದಳು. ಪೂರ್ತಿ ಓದಿದಳು, ಹೆಸರು ಎರಡು ಕಡೆಯೂ ಬಂತು. ಆದರೆ ಪಕ್ಕದಲ್ಲಿ ಮಲಗಿದವರು ಎದ್ದುಬಿಡುತ್ತಾರೇನೋ ಎನ್ನುವ ಹಾಗೆ ಹೇಳಿದಳು. ನನಗೆ ಕೇಳಿಸಿತು. ಫೋನಿಗೆ ಕೇಳಿಸಲಿಲ್ಲ. ಧ್ವನಿ ಸ್ಪಷ್ಟವಾಗಿಲ್ಲ, ದಯವಿಟ್ಟು ಮತ್ತೊಮ್ಮೆ ಹೇಳಿ ಎಂದು ಬಂತು. ಅಯ್ಯೋ, ಆ ಸಾಫ್ಟ್‌ವೇರ್ ಮಾಡಿದವರು ಯಾರೋ, ಅವರ ಮನೆ ತಣ್ಣಗಿರಲಿ, ಮದುವೆಯಾಗಿ ನಲವತ್ತೆರಡು ವರ್ಷ ಬಾಯಿಗೆ ಬಾರದ ಹೆಸರು ಒಂದು ಸಲ ಬಂದದ್ದೇ ಹೆಚ್ಚು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು. ಏನೆಂದು ಬಂತು ಎಂದು ದೊಡ್ಡಮ್ಮ ಕೇಳಿದಳು. ನಾನು ಹೇಳಲಾರದೆ ಹೇಳಿದೆ. ಉಳಿದದ್ದು ಒಂದೇ ಅವಕಾಶ, ಅಂದೇ ಕೊನೆಯ ದಿನ.

ಬೇಡ ಬಿಡು ದೊಡ್ಡಮ್ಮ, ಕಂಪನಿಯವರ ಹತ್ತಿರ ಕೈಕಾಲು ಹಿಡಿದು ಬೇರೆ ದಾರಿ ಕೇಳೋಣ ಎಂದೆ. ಬಾಯಲ್ಲಿ ಅಂದೆನೇ ಹೊರತು ಬೇರೆ ದಾರಿಯಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಕುರ್ಚಿಯಿಂದ ಎದ್ದು ನಿಂತಳು. ನಾನೂ ಎದ್ದು ಅವಳ ಮುಖದ ಎತ್ತರಕ್ಕೆ ಫೋನು ಹಿಡಿದೆ.

ಮೊದಲ ವಾಕ್ಯವನ್ನು ಓದಿದಳು. ಎರಡನೆಯದಕ್ಕೆ ಬಂದಾಗ ಅದು ಓದುವ ದನಿಯಾಗಿರಲಿಲ್ಲ. ತೋಟದ ಆ ತುದಿಯಲ್ಲಿ ಇರುವವರನ್ನು ಊಟಕ್ಕೆ ಕರೆಯುವ ದನಿ. ದೊಡ್ಡಪ್ಪನ ಪೂರ್ತಿ ಹೆಸರು ಗಾಣದ ಮನೆಯ ತಗಡಿನ ಸೂರಿಗೆ ಬಡಿದು ಕೇಳಿಸಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲು ಊರಿ ನಿಂತು ನೋಡಿದ. ಉಳಿದ ಮಾತನ್ನೂ ಬಿಡದೆ ಓದಿ ಮುಗಿಸಿದಳು. ಫೋನು ಒಂದು ಕ್ಷಣ ಯೋಚಿಸಿ, ಪರಿಶೀಲನೆ ಪೂರ್ಣಗೊಂಡಿದೆ ಎಂದು ಹಸಿರು ತೋರಿಸಿತು.

ಆಯ್ತು ದೊಡ್ಡಮ್ಮ, ಗಾಣ ನಿನ್ನದೇ, ಯಾರೂ ಕೀಳುವ ಹಾಗಿಲ್ಲ ಎಂದೆ. ಹೆಂಗಸರಲ್ಲಿ ಒಬ್ಬಳು ನೀರು ತಂದುಕೊಟ್ಟಳು. ದೊಡ್ಡಮ್ಮ ಕುರ್ಚಿಯಲ್ಲಿ ಕುಳಿತು ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. ನಾನು ಅವಳ ಪಕ್ಕ ನೆಲದ ಮೇಲೆ ಕುಳಿತು, ನನ್ನ ಮಾತು ಮನಸ್ಸಿಗೆ ಹಾಕಿಕೊಳ್ಳಬೇಡ, ತಪ್ಪಾಯಿತು ಎಂದು ಅವಳ ಮೊಣಕಾಲು ಹಿಡಿದುಕೊಂಡೆ. ಅವಳಿಗೆ ನನ್ನ ಮಾತಿನ ನೆನಪೇ ಇದ್ದ ಹಾಗೆ ಕಾಣಲಿಲ್ಲ. ಲೋಟವನ್ನು ಕೆಳಗಿಟ್ಟು ಮೆಲ್ಲಗೆ ಮಾತಾಡಿದಳು.

“ಆಸ್ಪತ್ರೇಲಿ ನರ್ಸಮ್ಮ ಹೇಳಿದ್ಲು ಕಣವ್ವ. ಅವ್ರ ಹೆಸ್ರು ಹಿಡ್ದು ಜೋರಾಗಿ ಕೂಗಮ್ಮ, ಗುರ್ತು ಸಿಕ್ರೆ ಕಣ್ ಬಿಡ್ತಾರೆ ಅಂತ. ಎರಡು ದಿನವೂ ಹೇಳಿದ್ಲು. ನಾನು ರೀ, ರೀ ಅಂತ ಅಂದೆ ಅಷ್ಟೇಯ. ಆಯಸ್ಸು ಕಮ್ಮಿ ಆಗ್ಬುಡ್ತದೆ ಅಂತ ಹೆದರ್ಕಂಡು ಕೂಗ್ಲೇ ಇಲ್ಲ.”

ಎಲ್ಲದಕ್ಕೂ ಥಟ್ಟನೆ ಉತ್ತರ ಕೊಡುವವಳು ನಾನು. ಕೂಗಿದ್ದರೂ ಅವರಿಗೆ ಕೇಳಿಸುವ ಸ್ಥಿತಿ ಇರಲಿಲ್ಲ, ಕೇಳಿಸುತ್ತಲೇ ಇರಲಿಲ್ಲ ಎಂದೆ. ನಾನೇನು ಡಾಕ್ಟರೇ, ನಾನೇನು ಅಲ್ಲಿದ್ದೆನೇ. ದೊಡ್ಡಮ್ಮ ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದಳು.

“ಇದುಕ್ಕೇ ಕೇಳುಸ್ತಲ್ಲವ್ವ” ಎಂದಳು.