ಓಡುತ್ತಿರುವುದನ್ನು ಮುಟ್ಟಬೇಡಿ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕೀಲಿಕೈ ಎಂದು. ಅವಳಿಲ್ಲದೆ ಅಲ್ಲಿ ಯಾವ ಬೀಗವೂ ತೆರೆಯುವುದಿಲ್ಲ ಎಂಬ ಅರ್ಥದಲ್ಲಿ ಪ್ರೀತಿಯಿಂದಲೇ ಇಟ್ಟ ಹೆಸರು. ಆದರೆ ಕೀಲಿಕೈಯ ಹಣೆಬರಹ ಬಾಗಿಲ ಪಕ್ಕದ ಮೊಳೆಗೆ ನೇತಾಡಿಕೊಂಡಿರೋದು ಅಂತ ಅವಳ ಅತ್ತೆ ಒಮ್ಮೆ ಹೇಳಿದ ಮೇಲೆ, ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳ ಕಣ್ಣಿಗೆ ಆ ಮೊಳೆ ಕಾಣುತ್ತಿತ್ತು.

ಗಂಡ ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುವವನು. ರೈಲಿನಲ್ಲಿ ಒಂದು ಹಗಲು ಪೂರಾ ಹಿಡಿಯುವಷ್ಟು ದೂರದ ಊರಿಗೆ ಅವನಿಗೆ ವರ್ಗವಾಯಿತು. ಶಾಲೆ ಶುರುವಾಗುವ ಹೊತ್ತಾದ್ದರಿಂದ ಮಗಳೂ ಅವನ ಜೊತೆ ಹೋದಳು. ಅದೇ ಊರಿನಲ್ಲಿ ಆಸ್ಪತ್ರೆಯ ಶಾಖೆಯಿತ್ತು, ಅಲ್ಲಿ ಇವಳ ಕೆಲಸಕ್ಕೆ ಹೊಂದುವ ಜಾಗವೂ ಖಾಲಿ ಇತ್ತು. ಇನ್ನೇನು, ಅರ್ಜಿ ಕೊಟ್ಟು ಹೊರಡುವುದಷ್ಟೇ ಎಂದುಕೊಂಡಿದ್ದರು. ಅತ್ತೆ ಮಾತ್ರ ಮಗನ ಜೊತೆ ಹೋಗಲಿಲ್ಲ. "ನಿನ್ನೊಬ್ಬಳನ್ನೇ ಬಿಟ್ಟುಹೋದ್ರೆ ನೀನು ಊಟ ಮಾಡಲ್ಲ, ಆ ಕಂಪ್ಯೂಟರೇ ನಿನ್ನನ್ನ ಊಟ ಮಾಡುತ್ತೆ" ಎಂದು ಸೊಸೆಯ ಜೊತೆ ಉಳಿದು, ಉತ್ಸಾಹದಿಂದ ಪಾತ್ರೆಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿಟ್ಟರು. ಪೆಟ್ಟಿಗೆಗಳು ಮೂರನೇ ಮಹಡಿಯ ಆ ಮನೆಯ ಹಾಲ್‌ನಲ್ಲಿ ಗೋಡೆಯಂತೆ ನಿಂತವು. ಸೌಟು ಬೇಕಾದರೆ ಒಂದನ್ನು ಬಿಚ್ಚಬೇಕು, ಬಾಣಲೆ ಬೇಕಾದರೆ ಇನ್ನೊಂದನ್ನು. ಹೊರಡುವ ದಿನ ಮುಂದಕ್ಕೆ ಹೋದಂತೆ ಪೆಟ್ಟಿಗೆಗಳು ಒಂದೊಂದಾಗಿ ಹೊಟ್ಟೆ ಬಿರಿದುಕೊಂಡವು.

ಹೊರಡಲು ಬಿಡದೆ ಇದ್ದದ್ದು ಯಾರೋ ಮನುಷ್ಯರಲ್ಲ, ಒಂದು ಫೈಲು. ರೋಗಿಗಳು ಮನೆಯಿಂದಲೇ ಮೊಬೈಲಿನಲ್ಲಿ ಸರದಿ ಕಾದಿರಿಸುವ ಆಸ್ಪತ್ರೆಯ ವೆಬ್ ತಾಣದ ಹೃದಯವೇ ಆ ಫೈಲು, ಕಂಪ್ಯೂಟರ್ ಏನೇನು ಮಾಡಬೇಕೆಂದು ಸಾಲು ಸಾಲಾಗಿ ಬರೆದ ಪ್ರೋಗ್ರಾಮು. ಅದನ್ನು ಮೊದಲು ಬರೆದ ಮನುಷ್ಯ ಎಂದೋ ಕೆಲಸ ಬಿಟ್ಟುಹೋಗಿದ್ದ. ಆಮೇಲೆ ಬಂದವರು ಅವರವರ ಅಂದಾಜಿನ ಮೇಲೆ ಸೇರಿಸುತ್ತಾ ಹೋಗಿದ್ದರು. ವಿಭಾಗದವರು ಅದಕ್ಕೆ ಹೆಬ್ಬಾವು ಎಂದು ಹೆಸರಿಟ್ಟಿದ್ದರು. ದಿನ ಲೆಕ್ಕಹಾಕುವ ಒಂದೇ ಕೆಲಸವನ್ನು ಅದರಲ್ಲಿ ಹತ್ತು ಕಡೆ ನಕಲು ಮಾಡಿ ಅಂಟಿಸಿದ್ದರು, ಹತ್ತೂ ಕಡೆ ಸ್ವಲ್ಪ ಸ್ವಲ್ಪ ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವಂತೆ. ಏನಾದರೂ ತಪ್ಪಾದರೆ ಯಾರಿಗೂ ಹೇಳದೆ ನುಂಗಿಕೊಂಡು ಮುಂದೆ ಹೋಗು ಎಂಬಂಥ ಸಾಲುಗಳು ಅಲ್ಲಲ್ಲಿ. ಒಂದು ಕಡೆಯಂತೂ ಯಾರೋ ಬರೆದಿಟ್ಟಿದ್ದರು: "ಇದು ಯಾಕಿದೆ ಗೊತ್ತಿಲ್ಲ. ತೆಗೆದರೆ ನಿಲ್ಲುತ್ತದೆ."

"ಹೋಗಿ, ಯಾರು ಬೇಡ ಅಂದ್ರು? ಇದನ್ನ ಇನ್ನೊಬ್ಬರಿಗೆ ಕಲಿಸಿಕೊಟ್ಟು ಹೋಗಿ" ಎಂದರು ವಿಭಾಗದ ಸಾಹೇಬರು.

ಕಲಿಯಲು ಬಂದವರು ಹೆಬ್ಬಾವಿನ ತಲೆಯಿಂದ ಬಾಲದವರೆಗೆ ಒಮ್ಮೆ ನೋಡಿ ಬೇರೆ ಕೆಲಸ ಹುಡುಕಿಕೊಂಡರು.

"ಸರ್, ಮೊದಲು ಇದನ್ನ ಚೊಕ್ಕ ಮಾಡ್ತೀನಿ. ಆಮೇಲೆ ಯಾರು ಬೇಕಾದ್ರೂ ಕಲೀಬಹುದು" ಎಂದಳು ಅವಳು.

"ಓಡ್ತಿರೋದನ್ನ ಮುಟ್ಟಬೇಡಿ. ಎಲ್ಲಾದ್ರೂ ಕೆಟ್ಟು ನಿಂತ್ರೆ ಉತ್ತರ ಹೇಳೋನು ನಾನು."

"ಹಾಗಾದ್ರೆ ಆ ಊರಿಂದಲೇ ನೋಡ್ಕೊಳ್ತೀನಿ."

"ರೋಗಿಗಳ ವಿವರ ಈ ಕಟ್ಟಡ ದಾಟಬಾರದು ಅಂತ ನಿಯಮ ಇದೆಯಲ್ಲ."

ಚೊಕ್ಕ ಮಾಡದೆ ಕಲಿಸುವ ಹಾಗಿಲ್ಲ, ಕಲಿಸದೆ ಹೋಗುವ ಹಾಗಿಲ್ಲ, ಮುಟ್ಟದೆ ಚೊಕ್ಕ ಮಾಡುವ ಹಾಗಿಲ್ಲ. ಸಾಹೇಬರು ಗದರಲೂ ಇಲ್ಲ, ಬೇಡವೆನ್ನಲೂ ಇಲ್ಲ. ಗದರಿದ್ದರೆ ಜಗಳವಾದರೂ ಆಡಬಹುದಿತ್ತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ತಣ್ಣನೆಯ ಗಾಳಿ ಊದುವ ಯಂತ್ರದ ಕೆಳಗೆ, ಬೇಸಿಗೆಯಲ್ಲೂ ಸ್ವೆಟರ್ ತೊಟ್ಟುಕೊಂಡು ಕೂತಿರುತ್ತಿದ್ದಳು. ಹೊರಗೆ ಮಳೆಯೋ ಬಿಸಿಲೋ, ಒಳಗೆ ಬಂದವರ ಚಪ್ಪಲಿ ನೋಡಿಯೇ ತಿಳಿಯಬೇಕು.

ಕಡೆಗೆ ಅವಳು ಯಾರಿಗೂ ಹೇಳದೆ ಶುರುಮಾಡಿದಳು. ಸಾಹೇಬರೇ ಹೇಳಿದ ಹೊಸ ಬದಲಾವಣೆ ಯಾವುದಾದರೂ ಹಾಕುವಾಗ, ಅದರ ನೆರಳಿನಲ್ಲಿ ಹಳೆಯದೊಂದಿಷ್ಟನ್ನು ಸರಿಪಡಿಸುವುದು. ಅರ್ಥವಿಲ್ಲದ ಹೆಸರುಗಳಿಗೆ ಅರ್ಥವಿರುವ ಹೆಸರು. ಎರಡು ನಕಲುಗಳಿದ್ದಲ್ಲಿ ಒಂದು. ಪ್ರತಿ ಸಲವೂ ಮೊದಲೇ ಒಂದು ಪರೀಕ್ಷೆಯ ಪ್ರೋಗ್ರಾಮು ಬರೆದಿಟ್ಟು, ಮುಂಚೆ ಬರುತ್ತಿದ್ದ ಉತ್ತರವೇ ಆಮೇಲೂ ಬರುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಮನೆಗೆ ಬಂದರೆ ಮುಖದ ಮೇಲೆ ಕಳೆ.

"ಏನೇ, ಇವತ್ತು ಎಷ್ಟು ಕಸ ಗುಡಿಸಿದೆ?" ಎಂದು ಅತ್ತೆ ಕೇಳುವರು.

"ಒಂದು ಮೂಲೆ, ಅತ್ತೆ."

"ಹೇಳದೆ ಕೇಳದೆ ಬೇರೆಯವರ ಮನೆ ಗುಡಿಸ್ತಿದೀಯ. ಹುಷಾರು, ಕಸದ ಜೊತೆ ಅವರ ಉಂಗುರಾನೂ ಹೋದೀತು."

ಅದೇ ಆಯಿತು. ಹೆಬ್ಬಾವಿನ ಹೊಟ್ಟೆಯಲ್ಲಿ, ಆ ಹತ್ತು ನಕಲುಗಳ ಪೈಕಿ ಒಂದರಲ್ಲಿ ಮಾತ್ರ, ಒಂದು ಸಾಲಿತ್ತು: ಯಾವುದೋ ಒಂದು ಗುರುತು ಕಂಡರೆ ದಿನಾಂಕಕ್ಕೆ ಸುಮ್ಮನೆ ಒಂದು ದಿನ ಕೂಡಿಸುವುದು. ಯಾಕೆ ಎಂಬುದಕ್ಕೆ ಹಿಂದೆ ಮುಂದೆ ಯಾವ ಕಾರಣವೂ ಕಾಣಲಿಲ್ಲ. ಪರೀಕ್ಷೆ ಬರೆದು ನೋಡಿದಳು. ಆ ಸಾಲು ಇದ್ದರೂ ತೆಗೆದರೂ ಉತ್ತರ ಒಂದೇ. ತೆಗೆದುಹಾಕಿದಳು. ಅವಳು ಪರೀಕ್ಷಿಸಿದ್ದು ಮಾಮೂಲಿ ದಿನಗಳನ್ನು ಮಾತ್ರ. ಆಸ್ಪತ್ರೆಗೆ ರಜೆಯಿರುವ ದಿನ ಯಾರದಾದರೂ ಸರದಿ ಬಿದ್ದರೆ ಅದನ್ನು ಮುಂದಿನ ದಿನಕ್ಕೆ ದಾಟಿಸಬೇಕಾದ ಇನ್ನೊಂದು ತುಂಡು ಬೇರೆಲ್ಲೋ ಇತ್ತು. ಅದು ದಾಟಿಸುವಾಗ ಒಂದು ದಿನ ಕಮ್ಮಿ ಎಣಿಸುತ್ತಿತ್ತು. ಆ ತಪ್ಪನ್ನು ಮುಚ್ಚಲೆಂದೇ ಯಾರೋ ಇಲ್ಲಿ ಒಂದು ದಿನ ಕೂಡಿಸಿ ತಿಪ್ಪೆ ಸಾರಿಸಿದ್ದರು. ಎರಡು ತಪ್ಪುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಅವಳು ಒಂದನ್ನು ಎಳೆದುಬಿಟ್ಟಿದ್ದಳು.

ರಜೆಯ ದಿನ ಬೆಳಗ್ಗೆ ಹಿರಿಯ ಸಿಸ್ಟರ್ ಫೋನ್ ಮಾಡಿದರು. ಕಿಡ್ನಿ ಕೆಟ್ಟವರ ರಕ್ತ ಶುದ್ಧಿಮಾಡುವ ಡಯಾಲಿಸಿಸ್ ಕೋಣೆ ಅವರ ಸುಪರ್ದಿಯಲ್ಲಿತ್ತು.

"ಕೀಲಿಕೈ, ಬೇಗ ಬಾ. ಮುಚ್ಚಿದ ಬಾಗಿಲ ಮುಂದೆ ಜನ ಕೂತಿದ್ದಾರೆ. ಇವತ್ತೇ ಬನ್ನಿ ಅಂತ ಎಲ್ಲರ ಮೊಬೈಲಿಗೂ ಮೆಸೇಜ್ ಹೋಗಿದೆ."

ಅವಳು ಓಡಿದಳು. ಮೆಟ್ಟಿಲ ಮೇಲೆ ಒಬ್ಬ ಮುದುಕ ಕಾಲು ಚಾಚಿ ಕೂತಿದ್ದ. ಪಾದಗಳು ಊದಿಕೊಂಡು ಚಪ್ಪಲಿಯೊಳಗೆ ಹೋಗದೆ, ಚಪ್ಪಲಿಗಳನ್ನು ಪಕ್ಕದಲ್ಲಿ ಜೋಡಿಸಿ ಇಟ್ಟುಕೊಂಡಿದ್ದ. "ನಿಮ್ಮ ಮೆಸೇಜ್ ನೋಡಿಯೇ ಬಂದ್ವಮ್ಮ" ಎಂದು ಅವನ ಮಗಳು ಫೋನು ಮುಂದೆ ಹಿಡಿದಳು. ಕೂಗಾಡಲಿಲ್ಲ. ಆ ಅಕ್ಷರಗಳನ್ನು ಕಳಿಸಿದ್ದು ತಾನೇ ಅನ್ನಿಸಿತು ಇವಳಿಗೆ. ಸಿಸ್ಟರ್ ಮನೆಯಲ್ಲಿದ್ದ ನರ್ಸುಗಳನ್ನೆಲ್ಲ ಕರೆಸಿ, ವೈದ್ಯರನ್ನು ಹಿಡಿದು ತಂದು ಕೋಣೆ ತೆರೆಸಿದರು. ಸಂಜೆಯೊಳಗೆ ಎಲ್ಲರ ಸರದಿಯೂ ಮುಗಿಯಿತು, ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಆ ಊದಿದ ಪಾದಗಳು ಅವಳ ಕಣ್ಣಿಂದ ಹೋಗಲಿಲ್ಲ.

ಮಾರನೆಯ ದಿನ ಸಾಹೇಬರು ಅವಳನ್ನು ಕೂರಿಸಿಕೊಂಡು, ಮೆತ್ತಗೆ, "ನಾನು ಹೇಳಿದ್ದೆನಲ್ಲ" ಎಂದರು. ತೆಗೆದ ಸಾಲನ್ನು ಅವಳ ಕೈಯಿಂದಲೇ ಮತ್ತೆ ಹಾಕಿಸಿದರು. ಆಮೇಲೆ ಫೈಲನ್ನು ಬದಲಾಯಿಸುವ ಅವಳ ಹಕ್ಕನ್ನು ಕಿತ್ತುಕೊಂಡರು. ಇನ್ನು ಓದಬಹುದು, ಬರೆಯುವ ಹಾಗಿಲ್ಲ. ವರ್ಗದ ಮಾತೆತ್ತಿದರೆ, "ಈಗಲಾ? ಈಗ ಹೇಗಮ್ಮಾ? ಇದನ್ನ ಓದೋಕಾದ್ರೂ ಬರೋದು ನಿಮಗೊಬ್ಬರಿಗೇ ಅಲ್ವಾ?"

ಆ ರಾತ್ರಿ ಗಂಡನಿಗೆ ಫೋನಿನಲ್ಲಿ ಹೇಳಿದಳು. ಅವನು, "ರಾಜೀನಾಮೆ ಎಸೆದು ಬಾ. ಹೇಗೋ ಆಗುತ್ತೆ" ಎಂದ. ಅವಳು ಹೂಂ ಎಂದಳು. ಆದರೆ ಕಾಗದ ಬರೆಯಲು ಕೂತರೆ, ತಾನು ಹೋದ ಮೇಲೆ ಬರುವ ಮುಂದಿನ ರಜೆ, ಯಾರಿಗೂ ಅರ್ಥವಾಗದೆ ಒಳಗೆ ಸುರುಳಿ ಸುತ್ತಿಕೊಂಡು ಮಲಗಿರುವ ಹೆಬ್ಬಾವು, ಮೆಟ್ಟಿಲ ಮೇಲೆ ಯಾರದೋ ಪಾದ. ಬರೆಯಲಾಗಲಿಲ್ಲ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ.

ಒಂದು ಮಧ್ಯಾಹ್ನ ಹಿರಿಯ ಸಿಸ್ಟರ್ ಅವಳ ಕೋಣೆಗೇ ಬಂದರು. ಕುರ್ಚಿ ಎಳೆದುಕೊಂಡು ಕೂತು, ಕಾಲಿನ ಬೂಟು ಕಳಚಿ, "ಎಷ್ಟು ತಣ್ಣಗಿದೆ ಇಲ್ಲಿ, ಶವಾಗಾರದ ಹಾಗೆ" ಎಂದು ಮೈ ಮುದುರಿಕೊಂಡರು. ಆಮೇಲೆ ಕೇಳಿದರು: "ನೀನು ತೆಗೆದಿದ್ದನ್ನ ವಾಪಸ್ ಹಾಕಿದೀಯಂತೆ. ಅಂದ್ರೆ ಈಗ ಎಲ್ಲ ಸರಿ ಅಂತಾನಾ?"

"ಮುಂಚೆ ಹೇಗಿತ್ತೋ ಹಾಗೆ."

"ಮುಂಚೆ ಎಲ್ಲಿ ಸರಿಯಿತ್ತೇ?" ಎಂದರು ಸಿಸ್ಟರ್. "ನನ್ನ ಕೋಣೆಯವರಿಗೆ ಸರಿಯಾದ ದಿನ ಹೋಗ್ತಿತ್ತು, ನಿಜ. ಮೂಳೆ ವಿಭಾಗದವರಿಗೆ, ಮಕ್ಕಳ ವಿಭಾಗದವರಿಗೆ ಪ್ರತಿ ರಜೆಗೂ ತಪ್ಪು ದಿನಾನೇ ಹೋಗ್ತಿತ್ತು. ನರ್ಸುಗಳು ಹಿಂದಿನ ದಿನ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ, ಮೆಸೇಜ್ ನಂಬಬೇಡಿ, ನಾಡಿದ್ದು ಬನ್ನಿ ಅಂತಾರೆ. ಹೊಸಬರು ಬಂದ್ರೆ ನಾವು ಮೊದಲು ಕಲಿಸೋದೇ ಅದನ್ನ."

ಅವಳು ಬೆಕ್ಕಸಬೆರಗಾದಳು. "ಯಾರೂ ನಮಗೆ ಹೇಳಲೇ ಇಲ್ಲವಲ್ಲ!"

"ಹೇಳಿದ್ವಿ. ಅಡ್ಜಸ್ಟ್ ಮಾಡ್ಕೊಳಿ ಅಂದ್ರು ನಿಮ್ಮ ಸಾಹೇಬ್ರು. ಮಾಡ್ಕೊಂಡ್ವಿ. ಆಮೇಲೆ ಅದೇ ಅಭ್ಯಾಸ ಆಯ್ತು."

ಓಡುತ್ತಿದೆ, ಓಡುತ್ತಿದೆ ಎಂದು ಸಾಹೇಬರು ಹೇಳುತ್ತಿದ್ದುದು ಓಡುತ್ತಿರಲೇ ಇಲ್ಲ. ಒಂದಿಷ್ಟು ಹೆಂಗಸರು ಅದನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ, ಈ ಕಟ್ಟಡದಲ್ಲಿ ಸಿಕ್ಕಿಹಾಕಿಕೊಂಡವಳು ತಾನೊಬ್ಬಳೇ ಅಲ್ಲ ಎಂಬ ವಿಚಿತ್ರ ಸಮಾಧಾನವೂ ಬಂತು.

ಇಬ್ಬರೂ ಸಾಹೇಬರ ಕೋಣೆಗೆ ಹೋದರು. ಸಿಸ್ಟರ್ ಮಾತಾಡುತ್ತಾ ಹೋದಂತೆ ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಕಡೆಗೆ, "ಮೇಲಿನವರಿಗೆ ಪ್ರತಿ ವರ್ಷ ಎಲ್ಲ ಸರಿಯಿದೆ ಅಂತ ಬರೆದುಕೊಟ್ಟವನು ನಾನು" ಎಂದರು. "ಈಗ ಏನಂತ ಹೇಳಲಿ?"

"ಇನ್ನಷ್ಟು ಚೆನ್ನಾಗಿ ಮಾಡ್ತಿದೀವಿ ಅಂತ ಹೇಳಿ" ಎಂದರು ಸಿಸ್ಟರ್. "ಅದೂ ಬರದಿದ್ರೆ ಇನ್ಯಾವ ಸಾಹೇಬಿಕೆ ನಿಮ್ಮದು?"

ಫೈಲು ಚೊಕ್ಕ ಮಾಡಲು ಸಾಹೇಬರು ಒಪ್ಪಿ, ಅದನ್ನು ಬದಲಾಯಿಸುವ ಹಕ್ಕನ್ನೂ ಮರಳಿಸಿದರು. ಆದರೆ ಒಂದು ಷರತ್ತು: ಕೆಲಸ ಪೂರ್ತಿ ಮುಗಿದು ಇನ್ನೊಬ್ಬರ ಕೈಗೆ ಬರುವವರೆಗೆ ಅವಳು ವರ್ಗವನ್ನು ಕೇಳಬಾರದು. ಕೇಳುವುದಿಲ್ಲ ಎಂದು ತನ್ನ ಕೈಯಾರೆ ಸಹಿ ಹಾಕಬೇಕು. ಬಾಗಿಲು ತೆರೆದದ್ದು ಹೀಗೆ, ಒಳಗಡೆಗೆ ಮಾತ್ರ. ಅವಳು ಸಹಿ ಹಾಕಿದಳು.

ಮನೆಗೆ ಬಂದು ಅತ್ತೆಗೆ ಹೇಳಿದಳು. ಅವರು ಎದ್ದುಹೋಗಿ, ಉಳಿದಿದ್ದ ಪೆಟ್ಟಿಗೆಗಳನ್ನೂ ಬಿಚ್ಚಿ, ಪಾತ್ರೆಗಳನ್ನು ತೊಳೆದು ಹಲಗೆಯ ಮೇಲೆ ಜೋಡಿಸಿದರು. ಅದು ಬೈಗುಳಕ್ಕಿಂತ ಹೆಚ್ಚಾಗಿ ಅವಳಿಗೆ ತಾಗಿತು.

ಕೆಲಸಕ್ಕೆ ಜೊತೆಯಾಗಿ ಸಿಕ್ಕವನು, ಎಲ್ಲರೂ ಸೊಟ್ಟ ಕನ್ನಡಕ ಎಂದು ಕರೆಯುತ್ತಿದ್ದವನು. ಅದೇ ವಿಭಾಗದಲ್ಲಿ ವರದಿಗಳ ವಿನ್ಯಾಸ ನೋಡಿಕೊಳ್ಳುತ್ತಿದ್ದ, ಅವಳಿಗಿಂತ ವಯಸ್ಸಿನಲ್ಲಿ ಹಿರಿಯ, ಯಾವುದಕ್ಕೂ ಅವಸರವಿಲ್ಲದವನು. "ನನಗೆ ಹಾವು ಕಂಡ್ರೆ ಭಯ" ಎಂದೇ ಕೂತ. ಇಬ್ಬರೂ ಸೇರಿ ಹೆಬ್ಬಾವನ್ನು ಒಂದೊಂದೇ ತುಂಡಾಗಿ ಬಿಡಿಸಿದರು. ಹತ್ತು ಕಡೆ ಇದ್ದ ದಿನದ ಲೆಕ್ಕ ಒಂದೇ ಕಡೆ ಬಂತು. ತಪ್ಪಾದರೆ ನುಂಗಿಕೊಳ್ಳುತ್ತಿದ್ದ ಸಾಲುಗಳು ಈಗ ತಪ್ಪಾಗಿದೆ ಎಂದು ಕೂಗತೊಡಗಿದವು. ಮೊದಮೊದಲು ಆ ಕೂಗಿಗೆ ವಿಭಾಗವೇ ಬೆಚ್ಚಿತು. ಪ್ರತಿ ತುಂಡನ್ನೂ ಮುಗಿಸಿದ ಮೇಲೆ ಅವಳು ಸಿಸ್ಟರ್ ಬಳಿ ಹೋಗಿ, ಇದು ಏನು ಮಾಡುತ್ತದೆ ಎಂದು ಮಾತಿನಲ್ಲಿ ಹೇಳುತ್ತಿದ್ದಳು. ಎಲ್ಲಿ ಮಾತು ತಡವರಿಸಿತೋ ಅಲ್ಲಿ ವಾಪಸ್ ಬಂದು ಹುಡುಕಿದರೆ ಕೊಳೆ ಸಿಕ್ಕೇ ಸಿಗುತ್ತಿತ್ತು. ಒಂದು ರಜೆ ಬಂದು ಹೋಯಿತು, ಯಾವ ನರ್ಸೂ ಫೋನ್ ಹಿಡಿಯಬೇಕಾಗಲಿಲ್ಲ.

ಆದರೂ ಹೆಬ್ಬಾವು ಅರ್ಧ ಉಳಿದಿತ್ತು. ಒಂದು ತುಂಡು ಬಿಡಿಸಿದರೆ ಅದರಡಿ ಇನ್ನೆರಡು. ಮಗಳು ಫೋನಿನಲ್ಲಿ ಈಗ "ಯಾವಾಗ ಬರ್ತೀಯ" ಎಂದು ಕೇಳುವುದನ್ನು ಬಿಟ್ಟು, ತನ್ನ ದಿನದ ಸುದ್ದಿ ಹೇಳಿ ಇಟ್ಟುಬಿಡುತ್ತಿದ್ದಳು. ವರ್ಗದ ಬಗ್ಗೆ ಸಾಹೇಬರೇ ಒಮ್ಮೆ, "ಮುಂದಿನ ವರ್ಷ ನೋಡೋಣ" ಎಂದರು. ಆದರೆ ಚಿಕ್ಕ ರಜೆಯೊಂದಕ್ಕೆ ಸಹಿ ಹಾಕಿದರು.

ಅತ್ತೆಯನ್ನು ಕರೆದುಕೊಂಡು ಹೋದಳು. ಗಂಡನ ಮನೆಯ ಅಡುಗೆಮನೆಯಲ್ಲಿ ಅವಳಿಗೆ ಚಹಾಪುಡಿಯ ಡಬ್ಬ ಎಲ್ಲಿದೆ ಗೊತ್ತಾಗಲಿಲ್ಲ. ಮಗಳು ಬಂದು ಕೈಗೆ ಕೊಟ್ಟಳು. ಚಹಾ ಕುದಿಯುವಷ್ಟರಲ್ಲಿ ಫೋನು ಬಂತು. ಸೊಟ್ಟ ಕನ್ನಡಕ.

"ಬೆಳಗ್ಗೆ ಸರದಿ ಹಿಡಿಯೋದು ನಿಂತುಹೋಗಿತ್ತು" ಎಂದ.

ಅವಳ ಕೈ ಒಲೆ ಆರಿಸಿತು. "ಅಯ್ಯೋ! ಈಗ?"

"ಸರಿ ಆಯ್ತು. ನಾನೇ ನೋಡಿದೆ. ತಪ್ಪು ನೀವು ಬಿಡಿಸಿಟ್ಟ ಕಡೆಯೇ ಇತ್ತು, ಓದಿದ್ರೆ ಗೊತ್ತಾಗೋ ಹಾಗಿತ್ತು. ಬೇರೆ ಯಾರಿಂದಲೋ ಕೇಳಿ ಗಾಬರಿ ಆಗಬೇಡಿ ಅಂತ ಹೇಳ್ದೆ, ಅಷ್ಟೇ."

ಸಂತೋಷವಾಗಬೇಕಿತ್ತು. ಅವಳು ಕೇಳುತ್ತಲೇ ಹೋದಳು: ಯಾವ ತುಂಡು, ಪರೀಕ್ಷೆ ಬರೆದಿರಾ, ರಜೆಯ ದಿನ ಹಾಕಿ ನೋಡಿದಿರಾ, ಸಿಸ್ಟರ್‌ಗೆ ಹೇಳಿದಿರಾ? ಅವನು ತಾಳ್ಮೆಯಿಂದ ಎಲ್ಲಕ್ಕೂ ಹೌದು ಹೌದು ಎಂದ. ಅವನು ಫೋನಿಟ್ಟ ಮೇಲೂ ಅವಳಿಗೆ ಆ ಫೈಲನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು. ನೋಡುವ ದಾರಿಯಿರಲಿಲ್ಲ, ಅದು ಆ ಕಟ್ಟಡದೊಳಗಿತ್ತು.

"ಅಮ್ಮಾ, ಒಲೆ ಆರಿದೆ" ಎಂದಳು ಮಗಳು.

ಅವಳು ಒಲೆ ಹಚ್ಚಿ, ಚಹಾ ಸೋಸಿ, ಮಗಳ ಎದುರು ಕೂತಳು. ಮಗಳು ಶಾಲೆಯ ಸುದ್ದಿಯೇನೋ ಹೇಳತೊಡಗಿದಳು. ಮೊದಲ ಭಾಗ ಕಿವಿಗೆ ಬೀಳಲಿಲ್ಲ. "ಇನ್ನೊಂದು ಸಲ ಹೇಳು, ಮೊದಲಿಂದ" ಎಂದು ಕೇಳಿಕೊಂಡಳು. ಮಗಳು ಅವಳ ಮುಖವನ್ನೊಮ್ಮೆ ನೋಡಿ, ಮೊದಲಿಂದ ಶುರುಮಾಡಿದಳು.