ಅವ್ವನ ಕೈತುತ್ತಿನ ಚಿತ್ರ

ಒಳ್ಳೇ ದಪ್ಪ ಚಿತ್ರದ ಕಾಗದಕ್ಕೆ ಬ್ರಷ್ಷಿನಿಂದ ನೀರು ಸವರಿದರೆ ಒದ್ದೆ ಕಂಬಳಿಯ ವಾಸನೆ ಬರುತ್ತದೆ. ಯಾಕೋ ನನಗೆ ಗೊತ್ತಿಲ್ಲ, ಕಾಗದಕ್ಕೆ ಹಾಕುವ ಅಂಟಿನದ್ದಿರಬೇಕು. ತಿಪಟೂರಿನ ಈ ಮನೆಯ ಕಿಟಕಿ ಪಕ್ಕ ಕೂತು ಮೊದಲ ಸಲ ನೀರು ಸವರಿದ ದಿನ ಬ್ರಷ್ಷು ಕೈಯಲ್ಲೇ ನಿಂತುಬಿಟ್ಟಿತು. ಚಿಕ್ಕನಾಯಕನಹಳ್ಳಿಯ ಸಂತೆಯಿಂದ ತಂದ ಕರೀ ಕಂಬಳಿ, ಅದರ ಮೇಲೆ ಕೈ ಚಾಚಿ ಕೂತ ನಾಲ್ಕು ಮಕ್ಕಳು, ಮಳೆಯಲ್ಲಿ ನೆನೆದು ಬಂದ ನಮ್ಮ ಕಾಲುಗಳಿಂದ ಒದ್ದೆಯಾದ ಅದರ ಅಂಚು, ಎಲ್ಲ ಕಣ್ಣಿಗೆ ಕಟ್ಟಿತು. ಅವತ್ತು ಬಣ್ಣ ಹಚ್ಚಲಿಲ್ಲ. ಎದ್ದು ಹೋಗಿ ಕಾಫಿ ಮಾಡಿಕೊಂಡೆ.

ನರ್ಸ್ ಕೆಲಸದಿಂದ ನಿವೃತ್ತಿಯಾದ ಮೇಲೆ ಹತ್ತಿಸಿಕೊಂಡ ಹುಚ್ಚು ಇದು. ಗುಡಿ ಗೋಪುರ, ಬೆಟ್ಟ ಗುಡ್ಡ ನನಗೆ ಬೇಡ. ದಿನಾ ತಿನ್ನುವುದನ್ನೇ ಬರೆಯುತ್ತೇನೆ. ಉಪ್ಪಿಟ್ಟು, ಬಸ್ಸಾರು, ತಟ್ಟೆಯ ಅಂಚಿನಲ್ಲಿ ಅರ್ಧ ಕಡಿದ ಹಸಿಮೆಣಸಿನಕಾಯಿ. ಪಕ್ಕದ ಮನೆಯವರು, "ತಿನ್ನೋದನ್ನ ಬರೀತಾ ಕೂತ್ರೆ ಹೊಟ್ಟೆ ತುಂಬ್ತದೇನ್ರೀ" ಅಂತ ನಗುತ್ತಾರೆ. ನಗಲಿ ಬಿಡಿ. ರಾಗಿಮುದ್ದೆ ಕೈಗೆ ಹತ್ತುವುದಕ್ಕೆ ಎಂಟು ಹಾಳೆ ದಂಡವಾಯಿತು, ಮೊದಲನೆಯದಂತೂ ಥೇಟ್ ಸಗಣಿ ಉಂಡೆ. ಈ ನೀರುಬಣ್ಣದಲ್ಲಿ ಬಿಳಿ ಹಚ್ಚುವ ಹಾಗಿಲ್ಲ, ಕಾಗದವನ್ನೇ ಖಾಲಿ ಬಿಡಬೇಕು. ಅನ್ನ, ಮೊಸರು, ಕೊಬ್ಬರಿ ಎಲ್ಲ ಹಾಗೇ ಮೂಡಬೇಕು. ಎರಡು ವರ್ಷದಲ್ಲಿ ಅದನ್ನೂ ಕಲಿತೆ. ಆದರೆ ಬರೆಯಬೇಕು ಅಂತ ಆಸೆಪಟ್ಟೂ ಮುಟ್ಟದೆ ಉಳಿಸಿದ್ದು ಒಂದೇ ಒಂದು, ಅವ್ವನ ಕೈತುತ್ತು.

ಅವ್ವ ಅಂದರೆ ನನ್ನನ್ನು ಹೆತ್ತವಳಲ್ಲ, ನಮ್ಮ ದೊಡ್ಡಪ್ಪನ ಹೆಂಡತಿ. ದಬ್ಬೇಘಟ್ಟದ ಹತ್ತಿರ ನಮ್ಮದು ಕೂಡುಕುಟುಂಬ. ಅಟ್ಟದ ತುಂಬಾ ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿ, ಅಟ್ಟದ ಕೆಳಗೆ ಒಂದೇ ಒಲೆ. ದೊಡ್ಡಪ್ಪನಿಗೆ ಮೂರು ಮಕ್ಕಳು, ನಮ್ಮಪ್ಪನಿಗೆ ನಾನೊಬ್ಬಳೇ. ಆ ಮೂವರು ತಮ್ಮ ತಾಯಿಯನ್ನು ಅವ್ವ ಅನ್ನುತ್ತಿದ್ದರು, ನಾನೂ ಅವ್ವ ಅಂದೆ. ಅವರು ನಮ್ಮಮ್ಮನನ್ನು ಚಿಕ್ಕವ್ವ ಅನ್ನುತ್ತಿದ್ದರು, ನಾನೂ ನನ್ನ ತಾಯಿಯನ್ನು ಚಿಕ್ಕವ್ವ ಅಂತಲೇ ಕರೆದೆ. ಕೂಡಿದ ಮನೆಗಳಲ್ಲಿ ಹೀಗಾಗುವುದು ನಿಮಗೂ ಗೊತ್ತಿರಬೇಕು, ಹಿರಿಯ ಮಕ್ಕಳ ಬಾಯಿ ಕಿರಿಯವಕ್ಕೆ ಅಂಟುತ್ತದೆ. ಯಾರೂ ತಿದ್ದಲಿಲ್ಲ. ಚಿಕ್ಕವ್ವ ಅಂದಾಗ ನನ್ನ ತಾಯಿ "ಏನ್ ಮಗಾ" ಅನ್ನುತ್ತಿದ್ದಳು, ಅಷ್ಟೇ.

ದೀಪ ಹಚ್ಚಿದ ಮೇಲೆ ಅವ್ವ ಕಂಬಳಿ ಹಾಸುತ್ತಿದ್ದಳು. ಅಗಲವಾದ ಬೋಗುಣಿಯಲ್ಲಿ ಬಿಸಿ ಅನ್ನ, ಸೊಪ್ಪು ಬೇಯಿಸಿದ ಉಪ್ಸಾರು, ಹುಣಸೆಹಣ್ಣು ಕಿವುಚಿದ ಖಾರ, ಬೆರಳಲ್ಲಿ ತೆಗೆದ ತುಪ್ಪ. ಕಲಸುವ ಸದ್ದಿಗೇ ನಮಗೆ ಬಾಯಲ್ಲಿ ನೀರು. ತುತ್ತು ಕಟ್ಟಿ ಅಂಗೈಗೆ ಇಡುವಾಗ ಅದರ ನೆತ್ತಿಯ ಮೇಲೆ ಹೆಬ್ಬೆರಳಿನಿಂದ ಒಂದು ಚೂರು ಕೊಬ್ಬರಿ ಒತ್ತುತ್ತಿದ್ದಳು. ಯಾರ ಚೂರು ದೊಡ್ಡದು ಅಂತ ದಿನಾ ಜಗಳ. ನನ್ನದೇ ದೊಡ್ಡದಿರುತ್ತಿತ್ತು. ಇದು ಜಂಬವಲ್ಲ, ಆ ಮೂವರೂ ಇವತ್ತಿಗೂ ಒಪ್ಪುತ್ತಾರೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ತಾಯಿ ಆಗ ಏನು ನೋಡುತ್ತಿದ್ದಳು, ಏನು ಅಂದುಕೊಳ್ಳುತ್ತಿದ್ದಳು, ಅದು ನನ್ನ ತಲೆಗೇ ಬರಲಿಲ್ಲ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪ, ಅಪ್ಪ ಇಬ್ಬರೂ ತೋಟಕ್ಕೆ ನೀರು ಕಟ್ಟುವ ಸರದಿಗೆ ಜಗಳವಾಡಿ ಬೇರೆಯಾದರು. ನಡುಮನೆಗೆ ಅಡ್ಡಲಾಗಿ ತೆಂಗಿನ ಗರಿಯ ತಟ್ಟಿ ನಿಂತಿತು, ಆ ಕಡೆ ಒಂದು ಒಲೆ, ಈ ಕಡೆ ಒಂದು ಒಲೆ. ಬೇರೆಯಾಗುವ ಹಿಂದಿನ ದಿನ ನಾನು ಅತ್ತಾಗ ಅವ್ವ, "ಪಾಲು ಗಂಡಸರಿಗೆ ಕಣವ್ವ, ನಿನಗ್ಯಾವ ಪಾಲು? ನೀನು ಎಂದಿನ ಹಂಗೆ ಬಾ" ಅಂದಿದ್ದಳು. ಅದನ್ನು ನಂಬಿಕೊಂಡು ಬೇರೆಯಾದ ಮಾರನೇ ದಿನ ತಟ್ಟಿ ಸುತ್ತಿ ಹೋಗಿ, ಕಂಬಳಿಯ ಮೇಲೆ ನನ್ನ ಜಾಗದಲ್ಲಿ ಕೂತು ಕೈ ಚಾಚಿದೆ. ಮೂವರಿಗೂ ತುತ್ತು ಬಂತು. ಅವ್ವನ ಕೈ ನನ್ನ ಕೈಯನ್ನು ದಾಟಿ ಹೋಯಿತು. ಮರೆತಳೇನೋ ಅಂತ ಇನ್ನೂ ಮುಂದಕ್ಕೆ ಚಾಚಿದೆ. ಎರಡನೇ ಸುತ್ತಿಗೂ ಹಾಗೇ ದಾಟಿತು. ಮೂರನೆಯದಕ್ಕೆ ಬೋಗುಣಿಯಿಂದ ಕಣ್ಣೆತ್ತದೆ, "ಎದ್ದೋಗವ್ವ, ನಿಮ್ಮಮ್ಮ ಕಾಯ್ತಾವ್ಳೆ" ಅಂದಳು. ನಿಮ್ಮಮ್ಮ ಅನ್ನುವ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ದೊಡ್ಡಪ್ಪನ ಕಿರಿ ಮಗ ಕಿಸಕ್ಕನೆ ನಕ್ಕ.

ಮೋಸ ಹೋದವಳ ಸಿಟ್ಟು ಎಷ್ಟು ವರ್ಷ ಬಾಳುತ್ತದೆ ಅಂತ ನನ್ನನ್ನು ಕೇಳಿ. ಆಮೇಲೆ ಅವಳ ಮನೆಯಲ್ಲಿ ನಾನು ಒಂದು ತೊಟ್ಟು ನೀರು ಕುಡಿಯಲಿಲ್ಲ. ದೊಡ್ಡವ್ವ ಅಂತ ಕರೆಯಲು ಶುರುಮಾಡಿದೆ, ಅದೂ ನಾಲ್ಕು ಜನರ ಮುಂದೆ ಮಾತ್ರ. ಹಬ್ಬಕ್ಕೆ ಅವಳು ಯಾರ ಕೈಲೋ ಕಳಿಸುತ್ತಿದ್ದ ಕೊಬ್ಬರಿ ಉಂಡೆಗಳನ್ನು ಆಸ್ಪತ್ರೆಯ ಆಯಾಗೆ ಕೊಟ್ಟುಬಿಡುತ್ತಿದ್ದೆ. ಅವಳು ಹಾಸಿಗೆ ಹಿಡಿದಾಗ ಹೇಳಿಕಳಿಸಿದರು. ಹೋದೆ. ನರ್ಸ್ ಹಾಗೆ ನಾಡಿ ನೋಡಿದೆ. ಅವಳು ನನ್ನ ಅಂಗೈ ಹಿಡಿದುಕೊಂಡು ತಿರುಗಿಸಿ ನೋಡುತ್ತಾ ಮಲಗಿದ್ದಳು. ಬಸ್ಸಿಗೆ ಹೊತ್ತಾಯಿತು ಅಂತ ಬಿಡಿಸಿಕೊಂಡು ಬಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅವಳು ಹೋದ ಮೇಲೆ ಆ ಮನೆಯನ್ನೂ ಕೆಡವಿ ತಾರಸಿ ಮನೆ ಕಟ್ಟಿದರು.

ಈ ವರ್ಷ ಕೊನೆಗೂ ಆ ಚಿತ್ರಕ್ಕೆ ಕೈ ಹಾಕಿದೆ. ಕೋಪ ಕರಗಿತ್ತು ಅಂತಲ್ಲ, ಕೈ ಪಳಗಿತ್ತು. ತುತ್ತು ಬರೆದೆ, ಹಿಡಿದ ಕೈ ಬರೆದೆ, ಉಪ್ಸಾರಿನ ತಿಳಿ ಹಸಿರು ಬೆರಳ ಸಂದಿಯಲ್ಲಿ ಇಳಿಯುವುದನ್ನೂ ಬರೆದೆ. ಒಣಗಲೆಂದು ಗೋಡೆಗೆ ಒರಗಿಸಿದ್ದೆ. ಎಂಬತ್ತು ದಾಟಿದ ನನ್ನ ತಾಯಿ ನನ್ನ ಜೊತೆಯಲ್ಲೇ ಇದ್ದಾಳೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಅಕ್ಕನ ಕೈ ಅಲ್ವೇನೇ ಇದು?"

ಹೌದು ಅಂದೆ. ತುಂಬಾ ಹೊತ್ತು ನೋಡಿ ಕುರ್ಚಿಯ ಮೇಲೆ ಕೂತಳು.

"ಪುಣ್ಯಾತ್ಗಿತ್ತಿ. ಕೊಟ್ಟ ಮಾತು ಉಳಿಸ್ಕೊಂಡ್ಳು."

"ಯಾವ ಮಾತು?"

"ಬೇರೆ ಆದ ದಿನ ಪಾತ್ರೆ ಪಾಲು ಮಾಡ್ತಿದ್ವಿ. ನಾನೇ ಕೇಳ್ದೆ. ಅಕ್ಕಾ, ಹಂಡೆ ಬೇಡ, ಕೊಪ್ಪರಿಗೆ ಬೇಡ, ಎಲ್ಲ ನೀವೇ ಇಟ್ಕಳಿ, ನನ್ನ ಮಗಳನ್ನ ನನಗೆ ಬುಟ್ಬುಡಿ, ಇನ್ಮೇಲೆ ಅವಳಿಗೆ ತುತ್ತು ಹಾಕ್ಬೇಡಿ ಅಂದೆ. ಅತ್ಲು. ಆದ್ರೂ ಹೂಂ ಅಂದ್ಲು." ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಹದಿನೈದೇ ದಿನಕ್ಕೆ ನೀನು ನನ್ನನ್ನ ಅಮ್ಮ ಅಂತ ಕರೆದೆ ಕಣೇ."

ಅದನ್ನು ಹೇಳುವಾಗ ಅವಳ ಮುಖದಲ್ಲಿ ಇದ್ದದ್ದು ಸಂತೋಷ. ಇಷ್ಟು ವರ್ಷದ ಮೇಲೂ ಮಾಸದ ಸಂತೋಷ. ಹಂಡೆ ಕೊಪ್ಪರಿಗೆಯ ಲೆಕ್ಕದಲ್ಲಿ ನನ್ನನ್ನೂ ಸೇರಿಸಿದ್ದರು ಅನ್ನುವುದು ಅವಳಿಗೆ ತಪ್ಪು ಅಂತಲೇ ಅನಿಸಿರಲಿಲ್ಲ. "ನಾನು ಆ ಮನೆಯಲ್ಲಿ ನೀರು ಮುಟ್ಟದೇ ಇದ್ದಾಗಲಾದರೂ ಹೇಳಬಾರದಿತ್ತಾ?" ಅಂದೆ. "ಹೇಳಿದ್ರೆ ನೀನು ಮತ್ತೆ ಆ ಕಡೆಗೇ ಹೋಗ್ತಿದ್ದೆ" ಅಂದಳು. ನಿಜ, ಹೋಗುತ್ತಿದ್ದೆ. ಅವ್ವನ ಮೇಲೂ ನನಗೆ ಸಿಟ್ಟಿದೆ. ಬಾ ಅಂತ ನನಗೆ ಕೊಟ್ಟದ್ದೂ ಮಾತೇ ತಾನೆ, ದೊಡ್ಡವರಿಗೆ ಕೊಟ್ಟ ಮಾತಿನ ಮುಂದೆ ಅದು ಯಾಕೆ ನಿಲ್ಲಲಿಲ್ಲ? ಕೇಳಬೇಕಿತ್ತು. ಕೇಳಬಹುದಾಗಿದ್ದ ದಿನ ಅವಳ ಕೈ ಬಿಡಿಸಿಕೊಂಡು ಬಂದವಳು ನಾನೇ.

ಅದಾಗಿ ಮೂರು ತಿಂಗಳು. ನನ್ನ ತಾಯಿಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ. ಸ್ನಾನಕ್ಕೆ ಬಿಸಿನೀರು ಇಡುತ್ತೇನೆ, ಮಾತ್ರೆ ಕೊಡುತ್ತೇನೆ, ಮುದ್ದೆ ಮೆತ್ತಗೆ ತೊಳಸುತ್ತೇನೆ. ಅಡಿಗೆ ಆಯ್ತು ಬಾ ಅನ್ನುತ್ತೇನೆ, ಅಷ್ಟೇ. ಅದರ ಹಿಂದೆ ಸೇರುತ್ತಿದ್ದ ಅಮ್ಮ ಅನ್ನುವ ಕರೆ ಬಾಯಿಗೆ ಬರುತ್ತಿಲ್ಲ. ಒಬ್ಬಳೇ ಇದ್ದಾಗ ಒಂದೆರಡು ಸಲ ಅವ್ವ ಅಂತ ಮೆಲ್ಲಗೆ ಅಂದು ನೋಡಿದೆ, ಓ ಅನ್ನುವವರಿಲ್ಲ. ಓ ಅನ್ನಬಲ್ಲ ಇನ್ನೊಬ್ಬಳು ಒಳಗೆ ಕೂತಿದ್ದಾಳೆ, ನಾನು ಅಡಿಗೆಮನೆಯಿಂದ ಬಂದಾಗಲೆಲ್ಲ ತಲೆಯೆತ್ತಿ ನನ್ನ ಬಾಯನ್ನೇ ನೋಡುತ್ತಾಳೆ.